ಟೈರು ಎಳೆದರೆ ಓಟ ಬರುತ್ತದೆಯೇ?

ಹಾಸನದ ಕಡೆಯಿಂದ ಒಬ್ಬ ತಂದೆ ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಮಗ ಪ್ರಥಮ ಪಿ.ಯು.ಸಿ., ವಿಜ್ಞಾನ ವಿಭಾಗ. ಹೈಸ್ಕೂಲಿನಲ್ಲಿದ್ದಾಗ 3,000 ಮೀಟರ್ ಓಟದಲ್ಲಿ ಜಿಲ್ಲಾ ಮಟ್ಟದವರೆಗೆ ಹೋಗಿ ಬಂದವನು. ಈ ವರ್ಷ ರಾಜ್ಯ ಮಟ್ಟ ಮುಟ್ಟಲೇಬೇಕೆಂಬ ಹಟ. ಮೊಬೈಲಿನಲ್ಲಿ ಯಾರೋ ಟೈರು ಎಳೆದುಕೊಂಡು ಓಡುವುದನ್ನು ನೋಡಿದ ಮರುದಿನವೇ ಪಂಕ್ಚರ್ ಅಂಗಡಿಯಿಂದ ಕಾರಿನ ಹಳೇ ಟೈರೊಂದನ್ನು ಹೊತ್ತು ತಂದನಂತೆ. ಅದು ಹಗುರವಾಯಿತೆಂದು ಒಳಗೆ ಇಟ್ಟಿಗೆಗಳನ್ನಿಟ್ಟು ತಂತಿ ಬಿಗಿದ. ದಿನಸಿ ಅಂಗಡಿಯಲ್ಲಿ ತೂಗಿಸಿದಾಗ ಒಟ್ಟು 22 ಕಿಲೋ. ಹುಡುಗನ ತೂಕ 52 ಕಿಲೋ. ಒಂದು ತಿಂಗಳಿಂದ ದಿನಾ ಬೆಳಿಗ್ಗೆ ಐದೂವರೆಗೆ ಬಡಾವಣೆಯ ಡಾಂಬರು ರಸ್ತೆಯಲ್ಲಿ 3 ಕಿಲೋಮೀಟರ್ ಎಳೆಯುತ್ತಾನೆ. ಆಮೇಲೆ ಎಂದಿನ ಓಟ. ಆಮೇಲೆ ಕಾಲೇಜು, ಟ್ಯೂಷನ್.

"ಎತ್ತು ಮಾಡೋ ಕೆಲಸ ಮಗನ ಕೈಲಿ ಮಾಡಿಸ್ತಿದೀರಲ್ಲ ಅಂತ ಅಕ್ಕಪಕ್ಕದವರು ಕೇಳ್ತಾರೆ ಸಾರ್. ಈಗ ಹದಿನೈದು ದಿನದಿಂದ ಎಡಗಾಲಿನ ಮುಂಭಾಗದ ಮೂಳೆ ನೋವು ಅಂತಾನೆ. ಬಿಡಪ್ಪ ಅಂದ್ರೆ, ನೋವಾದ್ರೇನೇ ಮೈ ಗಟ್ಟಿಯಾಗೋದು ಅಂತಾನೆ. ನನಗೆ ಓಟ ಗೊತ್ತಿಲ್ಲ, ನಾನು ಬ್ಯಾಂಕಿನವನು. ಆ ಟೈರನ್ನ ಎತ್ತಿ ಬಿಸಾಕಲೋ, ಇನ್ನೂ ದೊಡ್ಡದು ತಂದುಕೊಡಲೋ, ನೀವೇ ಹೇಳಿ."

ಕಾಗದ ಓದಿ ಮೊದಲು ನಗು ಬಂತು, ಆಮೇಲೆ ನಗು ನಿಂತಿತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು ನಾನು. ಇಂಥದೇ ಒಂದು ಹುಡುಗನ ಕಾಲು ನನ್ನ ಕಣ್ಣ ಮುಂದೆಯೇ ಕೆಟ್ಟಿತ್ತು. ಅದಕ್ಕೆ ಕಾರಣನೂ ನಾನೇ. ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಟೈರಿನ ಸಮಾಚಾರ ನೋಡೋಣ.

ಎಳೆಯುವವರು ಯಾರು?

ಭಾರ ಎಳೆದು ಮೈ ಹದಗೊಳಿಸುವ ಅಭ್ಯಾಸ ಹೊಸದೇನಲ್ಲ, ಹುಚ್ಚೂ ಅಲ್ಲ. ಅದನ್ನು ಶ್ರದ್ಧೆಯಿಂದ ಮಾಡುವ ಒಂದು ಪಂಗಡವೇ ಇದೆ: ಧ್ರುವ ಪ್ರದೇಶದ ಹಿಮದ ಮೇಲೆ ನಡೆದು ಹೋಗುವ ಸಾಹಸಿಗಳು. ಪಂಜಾಬಿ ಮೂಲದ ಹರ್‌ಪ್ರೀತ್ ಚಂಡಿ ಎಂಬಾಕೆ ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದವಳು, ವೃತ್ತಿಯಲ್ಲಿ ಫಿಸಿಯೋಥೆರಪಿಸ್ಟ್. 2021ರ ನವೆಂಬರಿನಲ್ಲಿ ಅಂಟಾರ್ಕ್ಟಿಕದ ಅಂಚಿನಿಂದ ಒಬ್ಬಳೇ ಹೊರಟು, 40 ದಿನಗಳಲ್ಲಿ ಸುಮಾರು 1,100 ಕಿಲೋಮೀಟರ್ ಕ್ರಮಿಸಿ, 2022ರ ಜನವರಿ 3ರಂದು ದಕ್ಷಿಣ ಧ್ರುವ ತಲುಪಿದಳು. ಊಟ, ಡೇರೆ, ಇಂಧನ ಎಲ್ಲವನ್ನೂ ತುಂಬಿದ ಸುಮಾರು 90 ಕಿಲೋ ತೂಕದ ಜಾರುಬಂಡಿ ಅವಳ ಸೊಂಟಕ್ಕೆ ಕಟ್ಟಿತ್ತು. ಹಿಮವಿಲ್ಲದ ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ತಯಾರಾಗುವುದು ಹೇಗೆ? ಸೊಂಟಕ್ಕೆ ಎರಡು ಟೈರು ಕಟ್ಟಿಕೊಂಡು ಎಳೆದಳು. ಸಹಾರಾ ಮರಳುಗಾಡಿನ ದೀರ್ಘ ಓಟವನ್ನೂ ಓಡಿದ್ದ ಗಟ್ಟಿಗಿತ್ತಿ ಅವಳು.

ಇಲ್ಲೊಂದು ಸೂಕ್ಷ್ಮ ಗಮನಿಸಬೇಕು. ಅವಳು ಟೈರು ಎಳೆದದ್ದು ಮುಂದೆ ಬಂಡಿ ಎಳೆಯಬೇಕಾಗಿತ್ತು ಎಂಬ ಕಾರಣಕ್ಕೆ. ಪರೀಕ್ಷೆಗೆ ಬರುವ ಪ್ರಶ್ನೆಯನ್ನೇ ಅಭ್ಯಾಸ ಮಾಡಿದ ಹಾಗೆ. ನಮ್ಮ ಓಟಗಾರನಿಗೆ ಬರುವ ಪ್ರಶ್ನೆ ಬೇರೆ. ಅವನು ಸ್ಪರ್ಧೆಯ ದಿನ ಏನನ್ನೂ ಎಳೆಯುವುದಿಲ್ಲ, ಬರಿಮೈಯಲ್ಲಿ ಓಡುತ್ತಾನೆ.

ಮೈಗೆ ಯಾವ ಕೆಲಸ ಕೊಡುತ್ತೇವೋ ಆ ಕೆಲಸಕ್ಕೆ ಅದು ಒಗ್ಗುತ್ತದೆ. ಇದಕ್ಕೆ ನಮ್ಮ ಕರಾವಳಿಯಲ್ಲೇ ಒಳ್ಳೆಯ ಉದಾಹರಣೆ ಇದೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿತು. ಕ್ರೀಡಾ ಸಚಿವರು ಟ್ರ್ಯಾಕಿನಲ್ಲಿ ಓಡಿಸಿ ನೋಡೋಣವೆಂದು ಕರೆದರು. ಗೌಡರು ವಿನಯದಿಂದಲೇ ಒಲ್ಲೆನೆಂದರು. ಕಂಬಳದ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದರು. ಅದು ಅನುಭವಿಯ ಮಾತು. ಕಂಬಳದಲ್ಲಿ ಕೋಣಗಳು ಮುಂದಿನಿಂದ ಸೆಳೆಯುತ್ತವೆ, ಕೆಸರು ಕಾಲನ್ನು ಹಿಡಿಯುತ್ತದೆ. ಟೈರು ಕಟ್ಟಿದವನನ್ನು ಹಿಂದಿನಿಂದ ಜಗ್ಗುತ್ತದೆ. ಟ್ರ್ಯಾಕಿನಲ್ಲಿ ಸೆಳೆಯುವವರೂ ಇಲ್ಲ, ಜಗ್ಗುವವರೂ ಇಲ್ಲ.

ಹಾಗಾದರೆ ಲಾಭವೇ ಇಲ್ಲವೇ?

ಇದೆ. ಆದರೆ ಸುತ್ತುಬಳಸಿನ ಲಾಭ. 5,000 ಮೀಟರ್ ಓಟವನ್ನು ತೆಗೆದುಕೊಳ್ಳಿ. ಒಂದು ಹೆಜ್ಜೆಗೆ ಸುಮಾರು ಒಂದೂವರೆ ಮೀಟರ್ ಎಂದಿಟ್ಟುಕೊಂಡರೂ ಮೂರು ಸಾವಿರದ ಮುನ್ನೂರಕ್ಕೂ ಹೆಚ್ಚು ಹೆಜ್ಜೆ. ಪ್ರತಿ ಹೆಜ್ಜೆಯಲ್ಲೂ ಒಂದೇ ಕಾಲು ಇಡೀ ಮೈಯನ್ನು ಹೊತ್ತು, ನೆಲ ಒದ್ದು, ಮುಂದಕ್ಕೆ ಎಸೆಯಬೇಕು. ತೊಡೆ, ಪೃಷ್ಠ, ಮೀನಖಂಡದ ಸ್ನಾಯುಗಳು ಬಲವಾಗಿದ್ದರೆ ಪ್ರತಿ ಹೆಜ್ಜೆ ಅವುಗಳಿಗೆ ಹಗುರವಾದ ಕೆಲಸ. ಕೊನೆಯ ಎರಡು ಸುತ್ತಿನಲ್ಲಿ ಸೊಂಟ ಕುಸಿಯುವುದಿಲ್ಲ, ಹೆಜ್ಜೆ ಮೋಟಾಗುವುದಿಲ್ಲ. ಲೀಟರಿಗೆ ಹೆಚ್ಚು ಮೈಲಿ ಓಡುವ ಬೈಕಿನ ಹಾಗೆ, ಅದೇ ಉಸಿರಿನಲ್ಲಿ ಹೆಚ್ಚು ದೂರ.

ಹಳೆಯ ಗುರುಗಳಿಗೆ ಇದು ಗೊತ್ತಿತ್ತು. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ತನ್ನ ಶಿಷ್ಯರನ್ನು ಮೊದಲು ತಿಂಗಳುಗಟ್ಟಲೆ ದೂರ ಓಡಿಸಿ, ಆಮೇಲೆ ಕೆಲವು ವಾರ ಗುಡ್ಡದ ಏರಿನಲ್ಲಿ ಚಿಮ್ಮಿ ಚಿಮ್ಮಿ ಓಡುವ ಅಭ್ಯಾಸ ಮಾಡಿಸುತ್ತಿದ್ದ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಪೀಟರ್ ಸ್ನೆಲ್ 800 ಮೀಟರ್‌ನಲ್ಲೂ ಮರ‍್ರೆ ಹಾಲ್‌ಬರ್ಗ್ 5,000 ಮೀಟರ್‌ನಲ್ಲೂ ಚಿನ್ನ ಗೆದ್ದರು. ಅದೇ ಕೂಟದಲ್ಲಿ 1,500 ಮೀಟರನ್ನು ವಿಶ್ವದಾಖಲೆಯೊಂದಿಗೆ ಗೆದ್ದ ಆಸ್ಟ್ರೇಲಿಯಾದ ಹರ್ಬ್ ಎಲಿಯಟ್ ಸಮುದ್ರ ದಂಡೆಯ ಮರಳುದಿಬ್ಬ ಹತ್ತಿ ಇಳಿದು ಪಳಗಿದವನು. ಅವನ ಗುರು ಪರ್ಸಿ ಸೆರುಟಿ. 1952ರ ಹೆಲ್ಸಿಂಕಿಯಲ್ಲಿ 5,000, 10,000 ಮೀಟರ್ ಮತ್ತು ಮ್ಯಾರಥಾನ್ ಮೂರನ್ನೂ ಗೆದ್ದ ಎಮಿಲ್ ಜಾಟೊಪೆಕ್ ಸೈನ್ಯದ ಭಾರವಾದ ಬೂಟು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದ. ಗುಡ್ಡ, ಮರಳು, ಬೂಟು — ಹೆಸರು ಬೇರೆ, ಕೆಲಸ ಒಂದೇ. ನಿಮ್ಮ ಊರು ವಿಜಯಪುರ, ರಾಯಚೂರಿನ ಹಾಗೆ ಬಯಲು ಸೀಮೆಯಾಗಿ, ಹತ್ತಿರ ಗುಡ್ಡವೇ ಇಲ್ಲದಿದ್ದರೆ ಟೈರೇ ನಿಮ್ಮ ಗುಡ್ಡ.

ಪ್ರಯೋಗದಿಂದಲೂ ಇದಕ್ಕೆ ಆಧಾರ ಸಿಕ್ಕಿದೆ. 1999ರಲ್ಲಿ ಫಿನ್ಲೆಂಡಿನ ಲೀನಾ ಪಾವೊಲೈನೆನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದಿದೆ. ನುರಿತ ಓಟಗಾರರ ಒಂದು ಗುಂಪಿಗೆ 9 ವಾರಗಳ ಕಾಲ ಒಟ್ಟು ತರಬೇತಿಯ ಸುಮಾರು ಮೂರನೇ ಒಂದು ಪಾಲನ್ನು ಚುರುಕು ಜಿಗಿತ, ಚಿಕ್ಕ ದೂರದ ವೇಗದ ಓಟ, ಹಗುರ ಭಾರದ ವ್ಯಾಯಾಮಗಳಿಗೆ ಬದಲಾಯಿಸಿದರು. ಅವರ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಹೆಚ್ಚಲಿಲ್ಲ. ಆದರೂ 5 ಕಿಲೋಮೀಟರ್ ಓಟದ ವೇಳೆ ನೂರಕ್ಕೆ ಸುಮಾರು 3ರಷ್ಟು ಕಡಿಮೆಯಾಯಿತು. 17 ನಿಮಿಷ ತೆಗೆದುಕೊಳ್ಳುವವನಿಗೆ ಇದು ಅರ್ಧ ನಿಮಿಷ. ಓಟ ಬಲ್ಲವರಿಗೆ ಅರ್ಧ ನಿಮಿಷದ ಬೆಲೆ ಹೇಳಬೇಕಾಗಿಲ್ಲ.

ಅವರು ಟೈರು ಎಳೆಯಲಿಲ್ಲ ಎಂಬುದು ನಿಜ. ಆದರೆ ಮುಖ್ಯವಾದ ಮಾತು ಇನ್ನೊಂದಿದೆ. ಆ ಓಟಗಾರರು ಹೊಸ ವ್ಯಾಯಾಮವನ್ನು ಹಳೆಯದರ ಮೇಲೆ ಹೇರಿಕೊಳ್ಳಲಿಲ್ಲ. ಹಳೆಯದರಲ್ಲಿ ಸ್ವಲ್ಪ ಕಳೆದು, ಆ ಜಾಗದಲ್ಲಿ ಹೊಸದನ್ನು ಇಟ್ಟರು. ಹಾಸನದ ಹುಡುಗ ತಪ್ಪಿದ್ದು ಇಲ್ಲಿ. ನಾನು ತಪ್ಪಿದ್ದೂ ಇಲ್ಲೇ.

ಕಲ್ಲಿನ ರೋಲರ್ ಕಥೆ

ನಾನು ಕೆಲಸಕ್ಕೆ ಸೇರಿದ ಹೊಸತು. ನಮ್ಮ ಶಾಲೆಯ ಮೈದಾನದಲ್ಲಿ ಕ್ರಿಕೆಟ್ ಪಿಚ್ ಸಮ ಮಾಡಲು ಒಂದು ಕಲ್ಲಿನ ರೋಲರ್ ಬಿದ್ದಿತ್ತು. ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ರೈತರ ಮನೆಯವನು, ಮೂರು ಮೈಲಿ ನಡೆದು ಶಾಲೆಗೆ ಬರುತ್ತಿದ್ದ. ಓಡಲು ನಿಂತರೆ ಜಿಂಕೆ. ಇವನಿಗೆ ಕಾಲಿನ ಬಲವೊಂದು ಬಂದುಬಿಟ್ಟರೆ ಜಿಲ್ಲೆಯಲ್ಲಿ ಹಿಡಿಯುವವರೇ ಇಲ್ಲ ಎಂದು ನನಗೆ ಹೊಳೆಯಿತು. ದಿನಾ ಸಂಜೆ ಓಟ ಮುಗಿದ ಮೇಲೆ ಅವನಿಂದ ರೋಲರ್ ಎಳೆಸಿದೆ. ಅವನು ಇಲ್ಲವೆನ್ನಲಿಲ್ಲ. ಆಗಿನ ಮಕ್ಕಳು ಮೇಷ್ಟ್ರಿಗೆ ಇಲ್ಲವೆನ್ನುತ್ತಿರಲಿಲ್ಲ, ಅದೇ ಅಪಾಯ.

ಮೂರು ವಾರ ಚೆನ್ನಾಗಿಯೇ ಇತ್ತು. ತೊಡೆ ತುಂಬಿಕೊಂಡಿತು, ನಾನು ಬೀಗಿದೆ. ನಾಲ್ಕನೆಯ ವಾರ ಅವನು ಸ್ವಲ್ಪ ಕುಂಟುವುದನ್ನು ನೋಡಿದೆ. ಕೇಳಿದರೆ "ಏನೂ ಇಲ್ಲ ಸಾ" ಎಂದ. ಆರನೆಯ ವಾರ ಮೆಟ್ಟಿಲು ಹತ್ತಲು ಆಗಲಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಡಾಕ್ಟರು ಕಣಕಾಲಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ತೋರಿಸಿ, ನನ್ನ ಮುಖ ನೋಡಿದರು. ಆ ವರ್ಷದ ಕ್ರೀಡಾಕೂಟ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಒಕ್ಕಣೆಯ ಕಾಲದಲ್ಲಿ ಒಬ್ಬ ದುಡಿಯುವ ಹುಡುಗ ಮನೆಯಲ್ಲಿ ಕಾಲು ಚಾಚಿ ಕೂತ. ಅವರ ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. "ಮೇಷ್ಟ್ರು ಒಳ್ಳೇದಕ್ಕೇ ಹೇಳಿರ್ತಾರೆ" ಎಂದರು. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ.

ಈಗ ಯೋಚಿಸಿದರೆ ರೋಲರಿನದು ಅರ್ಧ ತಪ್ಪು. ಅವನು ನಡೆಯುವ ಆರು ಮೈಲಿ, ಗದ್ದೆಯ ಕೆಲಸ, ನನ್ನ ಓಟ — ಇವುಗಳ ಲೆಕ್ಕವನ್ನೇ ನಾನು ಹಿಡಿಯದೆ ಮೇಲೊಂದು ಕಲ್ಲು ಇಟ್ಟೆ. ಕಳೆಯದೆ ಕೂಡಿಸಿದ್ದೇ ದೊಡ್ಡ ತಪ್ಪು.

ತಕ್ಕಡಿ ಹೇಳುವ ಮಾತು

ಹಾಸನದ ಹುಡುಗ ವಿಜ್ಞಾನದ ವಿದ್ಯಾರ್ಥಿ. ಅವನಿಗೆ ಅವನ ಪಠ್ಯದಿಂದಲೇ ಉತ್ತರ ಹೇಳೋಣ. ಟೈರಿನ ತೂಕ 22 ಕಿಲೋ ಎಂದ ಮಾತ್ರಕ್ಕೆ 22 ಕಿಲೋ ಎಳೆದಂತಲ್ಲ. ಹಿಂದಕ್ಕೆ ಜಗ್ಗುವುದು ಘರ್ಷಣೆ. ಘರ್ಷಣೆ ಎಂದರೆ ತೂಕ ಗುಣಿಸು ಘರ್ಷಣಾ ಗುಣಾಂಕ. ಒರಟು ಡಾಂಬರಿನ ಮೇಲೆ ರಬ್ಬರು ಜಾರುವಾಗ ಈ ಗುಣಾಂಕ ಸುಮಾರು 0.65 ಎಂದು ಹಿಡಿದರೆ ಎಳೆತ ಸುಮಾರು 14 ಕಿಲೋ. ಹುಲ್ಲು, ಧೂಳು, ಮರಳಿನ ಮೇಲೆ ಬೇರೆ ಬೇರೆ ಬರುತ್ತದೆ. ಪುಸ್ತಕದ ಅಂಕಿಯನ್ನು ನಂಬಬೇಕಿಲ್ಲ. ಹಳೇ ಪೇಪರಿನವನ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಐದು ನಿಮಿಷ ಕೇಳಿ ಪಡೆಯಿರಿ. ಹಗ್ಗಕ್ಕೆ ಸಿಕ್ಕಿಸಿ, ಟೈರನ್ನು ನೆಲದ ಮೇಲೆ ಒಂದೇ ವೇಗದಲ್ಲಿ ಎಳೆಯುತ್ತಾ ಮುಳ್ಳು ನೋಡಿ. ಅದು ತೋರಿಸುವುದೇ ನಿಜವಾದ ಎಳೆತ.

ಈಗ ಆ ಎಳೆತವನ್ನು ಗುಡ್ಡವಾಗಿ ಬದಲಾಯಿಸೋಣ. ಎಳೆತವನ್ನು ನಿಮ್ಮ ಮೈತೂಕದಿಂದ ಭಾಗಿಸಿದರೆ ಇಳಿಜಾರು ಸಿಗುತ್ತದೆ. 50 ಕಿಲೋ ತೂಗುವವನು 3 ಕಿಲೋ ಎಳೆತದಲ್ಲಿ ಓಡಿದರೆ ನೂರು ಮೀಟರಿಗೆ 6 ಮೀಟರ್ ಏರುವ ರಸ್ತೆಯಲ್ಲಿ ಓಡಿದ ಹಾಗೆ. ಘಾಟಿ ರಸ್ತೆಗಳ ಏರು ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಒಳ್ಳೆಯ ಅಭ್ಯಾಸ. ನಮ್ಮ ಹುಡುಗನದು? 14ನ್ನು 52ರಿಂದ ಭಾಗಿಸಿ. ನೂರು ಮೀಟರಿಗೆ 27 ಮೀಟರ್ ಏರು. ಅದು ಓಡುವ ಏರಲ್ಲ, ಮಂಡಿಯ ಮೇಲೆ ಕೈಯೂರಿ ಹತ್ತುವ ಏರು.

ಇನ್ನು ಕೆಲಸದ ಲೆಕ್ಕ. ಬಲ ಗುಣಿಸು ದೂರ. 14 ಕಿಲೋ ಎಳೆತ, 3,000 ಮೀಟರ್. ಅಷ್ಟು ಕೆಲಸದಲ್ಲಿ 52 ಕಿಲೋ ಮೈಯನ್ನು ಸುಮಾರು 800 ಮೀಟರ್ ಮೇಲಕ್ಕೆ ಎತ್ತಬಹುದು. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ತುದಿ ಸುಮಾರು 1,930. ಅಂದರೆ ಈ ಹುಡುಗ ತಿಂಗಳಿಂದ ದಿನಾ ಬೆಳಿಗ್ಗೆ ಕಾಲೇಜಿಗೆ ಮುಂಚೆ ಪೇಟೆಯಿಂದ ಮುಳ್ಳಯ್ಯನಗಿರಿಯನ್ನು ಹೆಚ್ಚುಕಡಿಮೆ ಹತ್ತುತ್ತಿದ್ದಾನೆ. ಆಮೇಲೆ ಓಟಕ್ಕೆ ಹೋಗುತ್ತಿದ್ದಾನೆ! ಕಾಲು ನೋಯದೆ ಇನ್ನೇನಾದೀತು?

ಮೂಳೆಗೆ ಅವಸರವಿಲ್ಲ

ಸ್ನಾಯು ಬೇಗ ಬಲಿಯುತ್ತದೆ, ಕೆಲವೇ ವಾರ ಸಾಕು. ಮೂಳೆಗೆ, ಸ್ನಾಯುರಜ್ಜುವಿಗೆ ತಿಂಗಳುಗಳು ಬೇಕು. ದಣಿದ ಮೂಳೆ ಮೊದಲು ತನ್ನ ಹಳೆಯ ಭಾಗವನ್ನು ಕರಗಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ನಡುವೆ ಬಿಡುವು ಕೊಡದಿದ್ದರೆ ಕಟ್ಟುವ ಮೊದಲೇ ಮತ್ತೆ ಹೊರೆ ಬೀಳುತ್ತದೆ. ಹೀಗೇ ಬಿರುಕು ಶುರುವಾಗುವುದು. ಬೆಳೆಯುವ ವಯಸ್ಸಿನಲ್ಲಿ ಇನ್ನೂ ಒಂದು ತೊಡಕಿದೆ. ಉದ್ದ ಮೂಳೆಗಳ ತುದಿಯಲ್ಲಿ ಮೃದುವಾದ ಬೆಳವಣಿಗೆಯ ಪದರ ಇರುತ್ತದೆ. ಹುಡುಗಿಯರಲ್ಲಿ ಇದು ಸ್ವಲ್ಪ ಬೇಗ, ಹುಡುಗರಲ್ಲಿ ತಡವಾಗಿ ಗಟ್ಟಿಯಾಗುತ್ತದೆ. ಹತ್ತರಿಂದ ಹದಿನೈದರ ವಯಸ್ಸಿನ ಆಟಗಾರ ಮಕ್ಕಳು ಮಂಡಿಯ ಕೆಳಗಿನ ಗುಬುಟು ನೋಯುತ್ತದೆ, ಹಿಮ್ಮಡಿ ನೋಯುತ್ತದೆ ಎನ್ನುವುದು ಬಹುಪಾಲು ಇದರಿಂದಲೇ. ಅದು ಸೋಮಾರಿತನದ ನೆಪವಲ್ಲ.

ಯಾವ ನೋವು ಸಹಜ, ಯಾವುದು ಅಪಾಯ? ಎರಡೂ ಕಾಲು ಸಮನಾಗಿ ಭಾರವೆನಿಸಿ, ಸ್ನಾಯುವೆಲ್ಲ ಹಿಡಿದಂತಾಗಿ, ಎರಡು ದಿನದಲ್ಲಿ ಕಡಿಮೆಯಾದರೆ ಅದು ಕೆಲಸದ ದಣಿವು. ಒಂದೇ ಕಾಲಿನಲ್ಲಿ, ಮೂಳೆಯ ಮೇಲೆ, ಒಂದು ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ ನೋವಿದ್ದರೆ, ಕುಪ್ಪಳಿಸಿದರೆ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ಇದ್ದರೆ, ಅಂದೇ ಓಟ ನಿಲ್ಲಿಸಿ ಮೂಳೆ ಡಾಕ್ಟರಲ್ಲಿ ತೋರಿಸಬೇಕು. ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್-ರೇಯಲ್ಲಿ ಕಾಣದೇ ಇರಬಹುದು. ಎಕ್ಸ್-ರೇ ಸರಿ ಇದೆ ಎಂದು ಮರುದಿನವೇ ಓಡಿಬಿಡಬೇಡಿ.

ಎಳೆಯುವುದಾದರೆ ಹೀಗೆ

ಹದಿನೈದು ಹದಿನಾರು ತುಂಬದ ಮಕ್ಕಳಿಗೆ ಟೈರು ಬೇಡ. ಅವರಿಗೆ ಆಟ, ಸ್ಕಿಪ್ಪಿಂಗ್, ಕುಂಟಬಿಲ್ಲೆ, ಬಸ್ಕಿ, ಸಣ್ಣ ದಿಣ್ಣೆಯ ಏರು ಧಾರಾಳ ಸಾಕು. ದೊಡ್ಡವರಲ್ಲೂ ಕನಿಷ್ಠ ಒಂದು ವರ್ಷ ತಪ್ಪದೆ ಓಡಿ, ಈಗ ಯಾವ ನೋವೂ ಇಲ್ಲದವರು ಮಾತ್ರ ಶುರುಮಾಡಬಹುದು.

ಸ್ಕೂಟರ್ ಅಥವಾ ಬೈಕಿನ ಹಳೇ ಟೈರು ಸಾಕು. ತಕ್ಕಡಿಯ ಮುಳ್ಳು ನಿಮ್ಮ ತೂಕದ ನೂರಕ್ಕೆ 5ರಿಂದ 6ರಷ್ಟು ತೋರಿಸಿದರೆ ಮುಗಿಯಿತು, ಇಟ್ಟಿಗೆ ಗಿಟ್ಟಿಗೆ ಬೇಡ. ಹಗ್ಗ ನಾಲ್ಕೈದು ಮೀಟರ್ ಉದ್ದವಿರಲಿ. ಗಿಡ್ಡವಾದರೆ ಟೈರು ಎಗರಿ ಹಿಮ್ಮಡಿಗೆ ಬಡಿಯುತ್ತದೆ. ಬರಿಯ ಹಗ್ಗ ಸೊಂಟಕ್ಕೆ ಸುತ್ತಬಾರದು. ನಾಲ್ಕು ಬೆರಳು ಅಗಲದ ಬೆಲ್ಟು ಅಥವಾ ಮಡಿಸಿದ ಟವೆಲಿನ ಮೇಲೆ ಕಟ್ಟಿ, ಸೊಂಟದ ಎಲುಬಿನ ಮೇಲೆ ಕೂರುವಂತೆ ನೋಡಿಕೊಳ್ಳಿ. ಹೆಗಲಿಗೆ, ಕುತ್ತಿಗೆಗೆ ಖಂಡಿತ ಬೇಡ. ಮಣ್ಣಿನ ಅಥವಾ ಹುಲ್ಲಿನ ಮೈದಾನವಾಗಬೇಕು. ಕತ್ತಲೆಯಲ್ಲಿ ರಸ್ತೆಯ ಮೇಲೆ ಎಳೆಯುವವನಿಗೆ ಹಿಂದಿನಿಂದ ಬರುವ ವಾಹನವೂ ಕೇಳಿಸುವುದಿಲ್ಲ, ಟೈರಿನ ಸದ್ದೇ ಕಿವಿ ತುಂಬಿರುತ್ತದೆ.

ಕಾಲು ಗಂಟೆ ಮೆಲ್ಲನೆ ಓಡಿ ಮೈ ಬೆಚ್ಚಗಾದ ಮೇಲೆ, ಮೊದಲ ಎರಡು ವಾರ ಬರೀ ನಡಿಗೆ: 50 ಮೀಟರಿನಂತೆ ನಾಲ್ಕು ಸಲ. ಮೂರನೇ ವಾರದಿಂದ ಹಗುರ ಓಟ. ನಿಧಾನವಾಗಿ ಹೆಚ್ಚಿಸಿ 60-80 ಮೀಟರಿನ ಆರು, ಹೆಚ್ಚೆಂದರೆ ಎಂಟು ಎಳೆತಕ್ಕೆ ನಿಲ್ಲಿಸಿ. ಪ್ರತಿ ಎಳೆತದ ನಡುವೆ ಎರಡು ನಿಮಿಷ ಅಡ್ಡಾಡಿ. ಕೊನೆಗೆ ಟೈರು ಬಿಚ್ಚಿಟ್ಟು ಅಷ್ಟೇ ದೂರವನ್ನು ಎರಡು ಮೂರು ಸಲ ಬರಿಮೈಯಲ್ಲಿ ಸರಾಗವಾಗಿ ಓಡಿ. ಇದನ್ನು ಬಿಡಲೇಬೇಡಿ. ಈಗ ಬಂದ ಬಲ ಓಟದ ಹೆಜ್ಜೆಗೆ ಸೇರಬೇಕಾದದ್ದು ಇಲ್ಲಿಯೇ. ವಾರಕ್ಕೆ ಒಂದು ಸಲ, ತೀರಾ ಆದರೆ ಎರಡು ಸಲ. ನಡುವೆ ಎರಡು ದಿನವಾದರೂ ಅಂತರ. ಸ್ಪರ್ಧೆಗೆ ಎರಡು ವಾರವಿರುವಾಗ ಟೈರನ್ನು ಮೂಲೆಗೆ ಇಡಿ.

ಗೆಳೆಯನೊಬ್ಬ ಪಕ್ಕದಲ್ಲಿ ನಿಂತು ನೋಡಲಿ. ಸೊಂಟದಿಂದ ಮುಂದಕ್ಕೆ ಬಗ್ಗಿದಿರಿ, ಭುಜ ಅತ್ತಿತ್ತ ತೂಗತೊಡಗಿತು, ಪಾದ ನೆಲ ಕೆರೆಯತೊಡಗಿತು ಎಂದರೆ ಆ ದಿನಕ್ಕೆ ಸಾಕು. ಕಡಿಮೆ ದೂರದ ಓಟಗಾರರ ತರಬೇತುದಾರರಲ್ಲಿ ಬಹುಕಾಲದಿಂದ ಒಂದು ರೂಢಿಯಿದೆ: ಭಾರ ಕಟ್ಟಿದಾಗ ವೇಗ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಳಿಯಬಾರದು. ಅದಕ್ಕಿಂತ ಇಳಿದರೆ ಅಭ್ಯಾಸವಾಗುವುದು ಓಟವಲ್ಲ, ಕೆಟ್ಟ ಓಟ.

ಎಲ್ಲಕ್ಕಿಂತ ಮುಖ್ಯ, ಟೈರಿನ ದಿನ ಬೇರೆ ಕಠಿಣ ಅಭ್ಯಾಸ ಇಲ್ಲ. ವಾರದಲ್ಲಿ ಐದು ದಿನ ಓಡುವವನಾದರೆ ಅದರಲ್ಲೇ ಒಂದು ದಿನವನ್ನು ಟೈರಿಗೆ ಬಿಟ್ಟುಕೊಡಿ. ಆರನೇ ದಿನ ಹುಟ್ಟಿಸಬೇಡಿ. ಸೈಕಲ್ ತುಳಿದು ಕಾಲೇಜಿಗೆ ಹೋಗುವುದು, ಮನೆಯ ನೀರು ಹೊರುವುದು, ತೋಟದ ಕೆಲಸ — ಇವೂ ಲೆಕ್ಕಕ್ಕೆ ಬರಲಿ.

ತಾಯಂದಿರಿಗೆ ಎರಡು ಮಾತು

ಹುಡುಗಿಯರೂ ಟೈರು ಎಳೆಯಬಹುದು. ದಕ್ಷಿಣ ಧ್ರುವದವರೆಗೆ ನಡೆದವಳ ವಿಷಯ ಮೇಲೆಯೇ ಓದಿದಿರಿ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಉಸಿರು ಬೇಗ ಕಟ್ಟುತ್ತದೆ, ಸದಾ ಸುಸ್ತು ಎಂದರೆ ಅಭ್ಯಾಸ ಹೆಚ್ಚಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಅಭ್ಯಾಸ ಜಾಸ್ತಿಯಾದ ಮೇಲೆ ಮಗಳ ಮುಟ್ಟು ಮೂರು ತಿಂಗಳು ನಿಂತರೆ "ಓಡುವವರಿಗೆ ಹಾಗೇ" ಎಂದು ಸುಮ್ಮನಾಗಬೇಡಿ. ದೇಹಕ್ಕೆ ಆಹಾರ ಸಾಲುತ್ತಿಲ್ಲ ಎಂಬುದರ ಸೂಚನೆ ಅದಾಗಿರಬಹುದು, ಮೂಳೆಗೂ ಅದು ಕೆಟ್ಟದ್ದು. ನಾಚಿಕೆ ಬಿಟ್ಟು ಡಾಕ್ಟರನ್ನು ಕೇಳಿ.

ಊಟಕ್ಕೆ ಡಬ್ಬಿಯ ಪುಡಿಗಳು ಬೇಕಿಲ್ಲ. ರಾಗಿಮುದ್ದೆ, ಹುರುಳಿ, ಮೊಳಕೆ ಕಾಳಿನ ಸಾರು, ಸೊಪ್ಪು, ಕಡಲೆಕಾಯಿ, ಹಾಲು ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು. ಪ್ರಮಾಣ ಕಡಿಮೆಯಾಗಬಾರದು, ಅಷ್ಟೇ. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಎಳೆಯುವುದಕ್ಕಿಂತ ಒಂದು ಬಾಳೆಹಣ್ಣು ತಿಂದು ಹೋಗಲಿ. ಈ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ರಾತ್ರಿ ಹನ್ನೊಂದರವರೆಗೆ ಓದಿ ಐದಕ್ಕೆ ಏಳುವ ಹುಡುಗನಿಗೆ ಟೈರಿಗಿಂತ ನಿದ್ದೆಯೇ ಹೆಚ್ಚು ವೇಗ ಕೊಟ್ಟೀತು. ಪರೀಕ್ಷೆ ಹತ್ತಿರವಾದಾಗ ಟೈರನ್ನು ಪೂರ್ತಿ ಬಿಟ್ಟು ಮೆಲ್ಲನೆಯ ಓಟವನ್ನಷ್ಟೇ ಇಟ್ಟುಕೊಂಡರೆ ನಷ್ಟವೇನಿಲ್ಲ.

ಕೊನೆಗೆ, ಹಾಸನದ ತಂದೆಯವರಿಗೆ

ಸ್ವಾಮಿ, ಟೈರನ್ನು ಬಿಸಾಕಬೇಡಿ, ದೊಡ್ಡದೂ ತರಬೇಡಿ. ಮೊದಲು ಮಗನನ್ನು ಮೂಳೆ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಹದಿನೈದು ದಿನದಿಂದ ಒಂದೇ ಕಾಲಿನ ಮೂಳೆ ನೋಯುತ್ತಿದೆ ಎಂದಿದ್ದೀರಿ. ಈ ವಾರವೇ ಹೋಗಿ, ಅಲ್ಲಿಯವರೆಗೆ ಓಟವೂ ಬೇಡ, ಟೈರೂ ಬೇಡ. ಬಿರುಕಿದೆ ಎಂದರೆ ಕೆಲವು ವಾರಗಳ ವಿಶ್ರಾಂತಿ ಬೇಕಾಗುತ್ತದೆ. ಈ ವರ್ಷದ ಕೂಟ ತಪ್ಪಿದರೂ ತಪ್ಪೀತು. ಅವನಿಗಿನ್ನೂ ಹದಿನಾರು ಹದಿನೇಳು ವರ್ಷ. ದೂರದ ಓಟಗಾರ ಅರಳುವುದು ಇಪ್ಪತ್ತು ದಾಟಿದ ಮೇಲೆ.

ಡಾಕ್ಟರು ಓಡಬಹುದು ಎಂದ ದಿನ ನೀವೇ ಆ ಟೈರಿನ ತಂತಿ ಬಿಚ್ಚಿ, ಇಟ್ಟಿಗೆಗಳನ್ನು ತೆಗೆಯಿರಿ. ಖಾಲಿ ಟೈರನ್ನೂ ತಕ್ಕಡಿಯಿಂದ ಎಳೆದು ನೋಡಿ. 3 ಕಿಲೋ ದಾಟಿದರೆ ಸ್ಕೂಟರಿನ ಟೈರಿಗೆ ಬದಲಾಯಿಸಿ. ಓಟ ಗೊತ್ತಿಲ್ಲ ಎಂದು ಬರೆದಿದ್ದೀರಿ. ಬ್ಯಾಂಕಿನವರು ನೀವು, ಲೆಕ್ಕ ಗೊತ್ತಲ್ಲ. ಒಂದು ನೋಟ್‌ಬುಕ್ ತಂದು ಅವನ ಓಟ, ಟೈರು, ನಿದ್ದೆ, ನೋವು ನಾಲ್ಕನ್ನೂ ದಿನಾ ಬರೆಸಿ, ವಾರಕ್ಕೊಮ್ಮೆ ಇಬ್ಬರೂ ಕೂತು ನೋಡಿ. ಜಮಾಕ್ಕಿಂತ ಖರ್ಚು ಹೆಚ್ಚಾದರೆ ಏನಾಗುತ್ತದೆ ಎಂದು ಅವನಿಗೆ ವಿವರಿಸಲು ನನಗಿಂತ ನೀವೇ ಸರಿ. ನಾನು ಆ ಕಾಲದಲ್ಲಿ ಅಂಥ ಒಂದು ಪುಸ್ತಕ ಇಟ್ಟಿದ್ದರೆ ನನ್ನ ಹುಡುಗ ಆ ವರ್ಷ ಓಡುತ್ತಿದ್ದ.

ಮಗನಿಗೂ ಒಂದು ಮಾತು: ತಮ್ಮಾ, ನಿನ್ನ ಹಟ ಒಳ್ಳೆಯದು, ಅದನ್ನು ಬಿಡಬೇಡ. ಆದರೆ ನೋವನ್ನು ಅಪ್ಪನ ಹತ್ತಿರ ಮುಚ್ಚಿಡಬೇಡ. ಡಾಕ್ಟರು ಏನೆಂದರು ಎಂಬುದನ್ನು ಈ ಸಲ ನೀನೇ ಬರೆದು ತಿಳಿಸು.